ಹ್ಯಾಂಡಲ್ ಹೊಡೆಯುವ ಕಾಲದ ಕಾರುಗಳು

ಭಾನುವಾರ ಬೆಳಿಗ್ಗೆ ಏಳು ಗಂಟೆ. ಹಳೆಯ ಕಾರುಗಳ ರ‍್ಯಾಲಿ ಹೊರಡುವ ಮೈದಾನ. ಮಿರಮಿರ ಮಿಂಚುವ ದೊಡ್ಡ ಕಾರುಗಳನ್ನೆಲ್ಲ ಬಿಟ್ಟು ಜನ ಒಂದು ಕಪ್ಪು ಕಾರಿನ ಮುಂದೆ ಗುಂಪುಗಟ್ಟಿದ್ದಾರೆ. ಎತ್ತರದ ಗೂಡು, ಮರದ ಅರಗಳಿರುವ ತೆಳ್ಳನೆಯ ಚಕ್ರ. ಅದರ ಯಜಮಾನರು ಮುಂದಿನ ಸೀಟಿನ ಮೆತ್ತೆಯನ್ನು ಎತ್ತಿ ಪಕ್ಕಕ್ಕಿಟ್ಟು, ಅಡಿಯಲ್ಲಿರುವ ಟ್ಯಾಂಕಿನ ಮುಚ್ಚಳ ತಿರುಚಿ, ಒಂದು ಮರದ ಕೋಲನ್ನು ಒಳಗೆ ಇಳಿಬಿಡುತ್ತಾರೆ. ಹೊರಗೆ ತೆಗೆದಾಗ ಕೋಲು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಷ್ಟು ಪೆಟ್ರೋಲಿದೆ ಎಂದು ಲೆಕ್ಕ.

ಆಮೇಲೆ ಸ್ಟಿಯರಿಂಗಿನ ಎಡಕ್ಕಿರುವ ಸಣ್ಣ ಲಿವರನ್ನು ಪೂರ್ತಿ ಮೇಲಕ್ಕೆ ತಳ್ಳುತ್ತಾರೆ, ಬಲಕ್ಕಿರುವುದನ್ನು ತುಸು ಕೆಳಕ್ಕೆ ಎಳೆಯುತ್ತಾರೆ. ಹ್ಯಾಂಡ್ ಬ್ರೇಕ್ ಹಿಂದಕ್ಕೆ. ಕಾರಿನ ಮುಂದೆ ಬಂದು, ರೇಡಿಯೇಟರ್ ಹತ್ತಿರದ ತಂತಿಯ ಉಂಗುರವನ್ನು ಎಳೆದು ಹಿಡಿದು, ಹ್ಯಾಂಡಲನ್ನು ಎರಡು ಸಲ ನಿಧಾನಕ್ಕೆ ಸುತ್ತಿಸುತ್ತಾರೆ. ಎಂಜಿನ್ನಿನೊಳಕ್ಕೆ ಒಂದು ಗುಟುಕು ಪೆಟ್ರೋಲು ಹೋಯಿತು. ಮತ್ತೆ ಹಿಂದಕ್ಕೆ ನಡೆದು ಕೀಲಿ ತಿರುಗಿಸಿದರೆ, ಮರದ ಪೆಟ್ಟಿಗೆಯೊಳಗಿನ ಕಾಯಿಲ್ ಜೇನುಹುಳದಂತೆ ಗುಂಯ್‌ಗುಡತೊಡಗುತ್ತದೆ. ಈಗ ಎಡಗೈ. ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇರಬೇಕು. ಹ್ಯಾಂಡಲಿಗೆ ಸುತ್ತು ಹಾಕಿ ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಕಾರು ಕೆಮ್ಮುತ್ತದೆ, ನಡುಗುತ್ತದೆ, ಎದ್ದು ನಿಂತ ಹಾಗೆ ಮಾಡಿ ಓಡತೊಡಗುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ.

ಹೆಬ್ಬೆರಳಿನ ವಿಷಯ ಶೋಕಿಯದಲ್ಲ. ಕಿಡಿ ಹೊತ್ತುವುದು ಒಂದು ಕ್ಷಣ ಮುಂಚಿತವಾದರೆ ಎಂಜಿನ್ ತಿರುಗುಮುರುಗಾಗಿ ಒದೆಯುತ್ತದೆ. ಹ್ಯಾಂಡಲ್ ಹಿಂದಕ್ಕೆ ಬಡಿದಾಗ ಸುತ್ತು ಹಾಕಿಕೊಂಡ ಹೆಬ್ಬೆರಳು, ಮಣಿಕಟ್ಟು ಮುರಿಯುತ್ತವೆ. ಎಡಗಡೆಯ ಲಿವರ್ ಮೇಲಕ್ಕೆ ಹೋದದ್ದೂ ಕಿಡಿಯನ್ನು ತಡಮಾಡುವುದಕ್ಕೇ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳ ಮೋಹಕ್ಕೆ ಬಿದ್ದವರು ಮತ್ತೆ ಮತ್ತೆ ಹೇಳುವುದು ಇಂಥ ವಿವರಗಳನ್ನೇ. ಇಂದು ಬಾನೆಟ್ಟಿನ ಕೆಳಗೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಕಂಪ್ಯೂಟರಿನೊಳಗೆ ನಡೆಯುವ ಕೆಲಸಗಳೆಲ್ಲ ಆಗ ಚಾಲಕನ ಕೈಯಲ್ಲಿ, ಕಾಲಿನಲ್ಲಿ, ಕಿವಿಯಲ್ಲಿ ನಡೆಯುತ್ತಿದ್ದವು. ಆ ಕಾರನ್ನು ಓಡಿಸುವವನಿಗೆ ಅದು ಹೇಗೆ ಓಡುತ್ತದೆ ಎನ್ನುವುದು ತಿಳಿದಿರಲೇಬೇಕಿತ್ತು.

‘ವಿಂಟೇಜ್’ ಅಂದರೆ ಎಷ್ಟು ಹಳತು?

ನಮ್ಮಲ್ಲಿ ಹಳೆಯ ಕಾರೆಲ್ಲವೂ ವಿಂಟೇಜೇ. ಬ್ರಿಟನ್ನಿನ ಹವ್ಯಾಸಿಗಳು ಮಾತ್ರ ಈ ವಿಷಯದಲ್ಲಿ ಮಡಿವಂತರು. 1904ರ ಕೊನೆಯವರೆಗಿನವು ಅವರಿಗೆ ‘ವೆಟರನ್’. ಅಲ್ಲಿಂದ ಮೊದಲ ಮಹಾಯುದ್ಧ ಮುಗಿಯುವವರೆಗೆ ‘ಎಡ್ವರ್ಡಿಯನ್’. 1919ರಿಂದ 1930ರವರೆಗಿನವು ಮಾತ್ರ ‘ವಿಂಟೇಜ್’. 1930ರ ದಶಕದ ಕಾರುಗಳಲ್ಲಿ ಆಯ್ದ ಕೆಲವಕ್ಕಷ್ಟೇ ಗೌರವದ ಸ್ಥಾನ. 1934ರಲ್ಲಿ ಅಲ್ಲಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದಾಗಲೇ ‘ಒಳ್ಳೆಯ ಕಾರುಗಳ ಕಾಲ ಮುಗಿಯಿತು’ ಎಂಬ ಭಾವ ಅದರ ಸದಸ್ಯರಲ್ಲಿತ್ತು. ಕೇವಲ ನಾಲ್ಕೈದು ವರ್ಷ ಹಳೆಯ ಕಾರಿಗೂ ಅವರು ಆಗಲೇ ಮರುಗುತ್ತಿದ್ದರು.

ಭಾರತದ ಕಾನೂನಿನ ಲೆಕ್ಕ ಬೇರೆ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ವಾಹನ ವಿಂಟೇಜ್ ಎನಿಸುತ್ತದೆ. ಅದಕ್ಕೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುವ ಪ್ರತ್ಯೇಕ ನಂಬರ್ ಪ್ಲೇಟ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಹೀಗಾಗಿ ನಮ್ಮ ತಂದೆಯವರ ಕಾಲದ ಅಂಬಾಸಡರ್ ಕೂಡ ಈಗ ಕಾಗದದ ಮೇಲೆ ವಿಂಟೇಜ್ ಆಗಬಹುದು. ಈ ಲೇಖನ ಹೇಳುವುದು ಅದಕ್ಕಿಂತ ಹಿಂದಿನ, ಎರಡನೇ ಮಹಾಯುದ್ಧ ಕಾರ್ಖಾನೆಗಳನ್ನು ಟ್ಯಾಂಕು, ವಿಮಾನಗಳ ಕಡೆಗೆ ತಿರುಗಿಸುವ ಮೊದಲಿನ ಕಾರುಗಳ ಬಗ್ಗೆ.

ಮೂರು ಪೆಡಲ್, ಮೂರೂ ಅಪರಿಚಿತ

ಮೈದಾನದಲ್ಲಿ ಕೆಮ್ಮಿ ಎದ್ದ ಆ ಕಪ್ಪು ಕಾರು ಫೋರ್ಡ್ ಮಾಡೆಲ್ ಟಿ. 1908ರ ಅಕ್ಟೋಬರಿನಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮಾರಾಟಕ್ಕೆ ಬಂದು, 1927ರ ಮೇ ತಿಂಗಳವರೆಗೆ ತಯಾರಾಯಿತು. ಆ ಹೊತ್ತಿಗೆ ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದವು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ತಂದರು. ಕೆಲಸಗಾರ ಕಾರಿನ ಹತ್ತಿರ ಹೋಗುವುದು ನಿಂತಿತು, ಕಾರೇ ಅವನ ಹತ್ತಿರ ಬರತೊಡಗಿತು. ಒಂದು ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು 93 ನಿಮಿಷಕ್ಕೆ ಇಳಿಯಿತು. ಮೊದಲು 825 ಡಾಲರಿಗೆ ಸಿಗುತ್ತಿದ್ದ ಕಾರು 1920ರ ದಶಕದ ನಡುವಿಗೆ 300 ಡಾಲರಿಗಿಂತ ಕೆಳಕ್ಕೆ ಬಂತು.

ಇದನ್ನೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದವರಿದ್ದೀರಿ. ಓಡಿಸಲು ಕೂತಾಗ ಎದುರಾಗುವ ಸಂಗತಿ ಮಾತ್ರ ಪುಸ್ತಕದಲ್ಲಿ ಇರುವುದಿಲ್ಲ. ಕಾಲ ಕೆಳಗೆ ಮೂರು ಪೆಡಲ್‌ಗಳಿವೆ, ಅವುಗಳಲ್ಲಿ ಆಕ್ಸಿಲರೇಟರ್ ಇಲ್ಲ. ಬಲಗಡೆಯದು ಬ್ರೇಕು. ನಡುವಿನದು ರಿವರ್ಸು. ಎಡಗಡೆಯದನ್ನು ಪೂರ್ತಿ ಒತ್ತಿದರೆ ಮೊದಲ ಗೇರು, ಪೂರ್ತಿ ಬಿಟ್ಟರೆ ಎರಡನೆಯದು, ಅಂದರೆ ಕೊನೆಯದು. ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್. ವೇಗ ಹೆಚ್ಚಿಸುವುದು ಸ್ಟಿಯರಿಂಗಿನ ಬಲಗಡೆಯ ಲಿವರಿನಿಂದ, ಕೈಯಲ್ಲಿ. ಐವತ್ತು ವರ್ಷ ಕಾರು ಓಡಿಸಿದ ನುರಿತ ಚಾಲಕ ಮೊದಲ ಸಲ ಇದರಲ್ಲಿ ಕೂತರೆ ಅವನ ಅನುಭವವೇ ಅವನ ಶತ್ರು. ಗಾಬರಿಯಾದಾಗ ಕ್ಲಚ್ಚೆಂದು ಎಡಗಾಲು ಒತ್ತಿದರೆ ಕಾರು ಮೊದಲ ಗೇರಿನಲ್ಲಿ ಮುಂದಕ್ಕೆ ಜಿಗಿಯುತ್ತದೆ.

ಇಷ್ಟೊಂದು ವಿಚಿತ್ರ ಏರ್ಪಾಡು ಏಕೆಂದರೆ, ಆ ಕಾಲದಲ್ಲಿ ಕಾರು ಓಡಿಸುವುದರಲ್ಲಿ ಅತಿ ಕಷ್ಟದ ಕೆಲಸ ಗೇರು ಬದಲಾಯಿಸುವುದು. ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿರುವ ಎರಡು ಹಲ್ಲುಚಕ್ರಗಳನ್ನು ಕೂಡಿಸಬೇಕು; ವೇಗ ಸರಿಹೊಂದದಿದ್ದರೆ ಕರಕರ ಸದ್ದು, ಹಲ್ಲು ಮುರಿತ. ನಮ್ಮ ಹಳೆಯ ಬಸ್ಸು, ಲಾರಿ ಚಾಲಕರಿಗೆ ಇದು ಚೆನ್ನಾಗಿ ಗೊತ್ತು. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಒಂದಿಷ್ಟು ರೇಸ್ ಮಾಡಿ, ಮತ್ತೆ ಒತ್ತಿ ಗೇರು ಹಾಕುವ ‘ಡಬಲ್ ಕ್ಲಚ್’ ಅವರ ವಿದ್ಯೆ. ಎಂಜಿನ್ನಿನ ಸ್ವರ ಕೇಳಿ ಹಾಕುವ ಗೇರು ಅದು. ಫೋರ್ಡ್ ಅವರ ಗಿರಾಕಿಗಳು ಹೊಲದಿಂದ ಬಂದ ರೈತರು. ಅವರಿಗೆ ಈ ವಿದ್ಯೆ ಕಲಿಸುತ್ತ ಕೂರುವುದಕ್ಕಾಗದು. ಹಾಗಾಗಿ ಹಲ್ಲುಗಳು ಸದಾ ಕೂಡಿಕೊಂಡೇ ಇರುವ, ಸುತ್ತಲಿನ ಪಟ್ಟಿಯನ್ನು ಬಿಗಿದರೆ ಗೇರು ಬೀಳುವ ಪೆಟ್ಟಿಗೆಯನ್ನು ಮಾಡಲಾಯಿತು. ಕಾಲಿನ ಒಂದು ಒತ್ತಿಗೆ ಗೇರು ಬಿತ್ತು, ಕರಕರ ಸದ್ದಿಲ್ಲ.

ಇದರಲ್ಲಿ ಪೆಟ್ರೋಲ್ ಪಂಪು ಇಲ್ಲ. ಸೀಟಿನಡಿಯ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತಾನಾಗಿಯೇ ಇಳಿದು ಹರಿಯಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದಾಗ, ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿದ್ದರೆ ಅದು ಎಂಜಿನ್ ತಲುಪುವುದಿಲ್ಲ. ಆಗ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು. ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಹೆಚ್ಚಿತ್ತು. ಬೆನ್ನು ತಿರುಗಿಸಿಕೊಂಡು ಘಾಟಿ ಹತ್ತುವ ಕಾರನ್ನು ಕಣ್ಣಮುಂದೆ ತಂದುಕೊಳ್ಳಿ. ಅದನ್ನು ಹತ್ತಿಸುವವನು ತನ್ನ ಯಂತ್ರದ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದನ್ನು ಬಲ್ಲವನು.

ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು

ಹೆದ್ದಾರಿಯಲ್ಲಿ ಬರಿಯ ಚಾಸಿ ಹೋಗುವುದನ್ನು ನೀವು ನೋಡಿರುತ್ತೀರಿ. ಎಂಜಿನ್, ಚಕ್ರ, ಉದ್ದನೆಯ ಕಬ್ಬಿಣದ ಚೌಕಟ್ಟು, ಮೇಲೆ ತಾತ್ಕಾಲಿಕ ಸೀಟು. ಗಾಳಿ ಧೂಳಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಚಾಲಕ. ಅದು ಬಾಡಿ ಕಟ್ಟಿಸಿಕೊಳ್ಳಲು ಹೊರಟ ಬಸ್ಸೋ ಲಾರಿಯೋ. ಯುದ್ಧಪೂರ್ವ ಕಾಲದ ದುಬಾರಿ ಕಾರುಗಳೂ ಹುಟ್ಟುತ್ತಿದ್ದದ್ದು ಹೀಗೆಯೇ. ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದದ್ದು ಚಾಸಿಯನ್ನು. ಗಿರಾಕಿ ಅದನ್ನು ಹೂಪರ್, ಬಾರ್ಕರ್, ಪಾರ್ಕ್ ವಾರ್ಡ್‌ನಂಥ ಬಾಡಿ ಕಟ್ಟುವವರ ಬಳಿಗೆ ಒಯ್ಯುತ್ತಿದ್ದ. ಅವರಲ್ಲಿ ಹಲವರು ಮೊದಲು ಕುದುರೆ ಸಾರೋಟು ಮಾಡುತ್ತಿದ್ದವರು. ಆ್ಯಶ್ ಮರದ ಚೌಕಟ್ಟು, ಅದರ ಮೇಲೆ ಸುತ್ತಿಗೆಯಿಂದ ಬಡಿದು ಬಾಗಿಸಿದ ಅಲ್ಯುಮಿನಿಯಂ ತಗಡು, ಒಳಗೆ ಚರ್ಮ. ಅದಕ್ಕೇ ಆ ಕಾಲದ ಒಂದೇ ಮಾದರಿಯ ಎರಡು ಕಾರು ಅಕ್ಕಪಕ್ಕ ನಿಂತರೂ ಒಂದರಂತೆ ಇನ್ನೊಂದಿರುವುದಿಲ್ಲ.

ಗಿರಾಕಿಯ ಬಯಕೆಗೆ ಅಳತೆಯೇ ಇರಲಿಲ್ಲ. ರಾಜಕೋಟೆಯ ಠಾಕೂರ್ ಸಾಹೇಬರು 1934ರ ರೋಲ್ಸ್ ರಾಯ್ಸ್ ಫ್ಯಾಂಟಮ್ 2ಕ್ಕೆ ಥ್ರಪ್ ಅಂಡ್ ಮೇಬರ್ಲಿ ಅವರಿಂದ ಕೇಸರಿ ಬಣ್ಣದ ಬಾಡಿ ಕಟ್ಟಿಸಿದರು. ‘ಸ್ಟಾರ್ ಆಫ್ ಇಂಡಿಯಾ’ ಎಂದು ಹೆಸರಾದ ಆ ಕಾರು ವಿದೇಶಗಳನ್ನೆಲ್ಲ ಸುತ್ತಿ ಕೊನೆಗೆ ಅದೇ ಮನೆತನಕ್ಕೆ ಮರಳಿತು. ಇಂದೋರಿನ ಯಶವಂತರಾವ್ ಹೋಳ್ಕರ್ ಅಮೆರಿಕದ ಡ್ಯೂಸೆನ್‌ಬರ್ಗ್ ಚಾಸಿ ತರಿಸಿ ಇಂಗ್ಲೆಂಡಿನ ಗರ್ನಿ ನಟಿಂಗ್ ಅವರಿಂದ ಬಾಡಿ ಕಟ್ಟಿಸಿದರು.

ಇವೆಲ್ಲವನ್ನೂ ಮೀರಿಸಿದ್ದು ಕಲ್ಕತ್ತೆಯ ಹಂಸದ ಕಾರು. ಅಲ್ಲಿದ್ದ ಶ್ರೀಮಂತ ಇಂಜಿನಿಯರ್ ರಾಬರ್ಟ್ ಮ್ಯಾಥ್ಯೂಸನ್ 1910ರಲ್ಲಿ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಮಾಡಿಸಿದ ಕಾರದು. ಮುಂಭಾಗ ಪೂರ್ತಿ ಹಂಸದ ಕೊರಳು, ತಲೆ. ಕೊಕ್ಕಿನಿಂದ ಬಿಸಿನೀರು ಚಿಮ್ಮಿ ದಾರಿ ಬಿಡಿಸುವ ಏರ್ಪಾಡಿತ್ತು. ಚಕ್ರಕ್ಕೆ ಮೆತ್ತಿದ ಆನೆಯ ಲದ್ದಿ ಒರೆಸಲು ಬ್ರಶ್ಶುಗಳಿದ್ದವು. ಬೀದಿಯಲ್ಲಿ ಎದ್ದ ಗದ್ದಲಕ್ಕೆ ಪೊಲೀಸರು ಅದನ್ನು ರಸ್ತೆಗಿಳಿಸದಂತೆ ತಡೆದರು. ಮುಂದೆ ನಾಭಾ ಸಂಸ್ಥಾನದ ಪಾಲಾಗಿ, ಈಗ ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಮ್ಮಿನಲ್ಲಿದೆ. ನನಗೆ ಈ ಕಾರು ಇಷ್ಟವಾಗುವುದು ಬಿಸಿನೀರಿಗಾಗಲಿ ಬ್ರಶ್ಶಿಗಾಗಲಿ ಅಲ್ಲ. ಒಬ್ಬ ಬಡಗಿ, ಒಬ್ಬ ತಗಡಿನ ಕೆಲಸದವ, ಒಬ್ಬ ಬಣ್ಣದವ ಕೂಡಿ ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ಹಕ್ಕಿಯನ್ನು ಕೂರಿಸಬಲ್ಲವರಾಗಿದ್ದರು ಎಂಬುದಕ್ಕೆ.

ಸದ್ದಿಲ್ಲದ ಭೂತ

ಹೆನ್ರಿ ರಾಯ್ಸ್ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ ಬಡ ಹುಡುಗ. ಬೆಳೆದು ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ ಕ್ರೇನ್ ಮಾಡುವ ಕಾರ್ಖಾನೆ ಕಟ್ಟಿದವರು. ಕೊಂಡ ಫ್ರೆಂಚ್ ಕಾರಿನ ಕೆಲಸ ಮನಸ್ಸಿಗೆ ಬರಲಿಲ್ಲವೆಂದು 1904ರಲ್ಲಿ ತಾವೇ ಒಂದು ಮಾಡಿದರು. ಅದೇ ವರ್ಷ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಅವರನ್ನು ಭೇಟಿಯಾದ ಚಾರ್ಲ್ಸ್ ರೋಲ್ಸ್ ಸಿರಿವಂತ, ಕಾರು ವ್ಯಾಪಾರಿ. 1906ರಲ್ಲಿ ಅವರಿಬ್ಬರ ಕಂಪನಿಯ 40/50 ಅಶ್ವಶಕ್ತಿಯ ಕಾರು ಬಂತು. ಕಂಪನಿಯ ವ್ಯವಹಾರ ನೋಡುತ್ತಿದ್ದ ಕ್ಲಾಡ್ ಜಾನ್ಸನ್ ಅದರ ಹನ್ನೆರಡನೆಯ ಚಾಸಿಗೆ ಬೆಳ್ಳಿ ಬಣ್ಣ ಬಳಿಸಿ, ಹಿತ್ತಾಳೆಯ ಜಾಗದಲ್ಲಿ ಬೆಳ್ಳಿಯ ಲೇಪ ಹಾಕಿಸಿ, ‘ಸಿಲ್ವರ್ ಘೋಸ್ಟ್’ ಎಂದು ಹೆಸರಿಟ್ಟರು. ಬೆಳ್ಳಿ ಭೂತ: ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು.

1907ರಲ್ಲಿ ಈ ಕಾರನ್ನು ಲಂಡನ್ನು, ಗ್ಲಾಸ್ಗೋ ನಡುವೆ ಹಗಲು ರಾತ್ರಿ ಓಡಿಸಿದರು. ಯಾವ ದೋಷಕ್ಕೂ ನಿಲ್ಲದೆ ಅದು ಓಡಿದ್ದು 14,371 ಮೈಲಿ, ಅಂದರೆ ಸುಮಾರು 23,000 ಕಿಲೋಮೀಟರ್. 15,000 ಮೈಲಿ ಮುಗಿದ ಮೇಲೆ ಬಿಚ್ಚಿ ನೋಡಿದಾಗ, ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ ಎರಡು ಪೌಂಡಿಗಿಂತ ತುಸು ಹೆಚ್ಚು. ಪ್ರತಿ ಕೆಲವು ಮೈಲಿಗೆ ಟೈರು ತೂತಾಗಿ, ಕಾರು ಕೆಟ್ಟು, ಮಳೆಯಲ್ಲಿ ನಿಲ್ಲುವುದು ಸಾಮಾನ್ಯವಾಗಿದ್ದ ದಿನಗಳಲ್ಲಿ ಇದು ನಂಬಲಾಗದ ಸುದ್ದಿ.

ಗೇರಿನ ತೊಂದರೆಗೆ ರಾಯ್ಸ್ ಕಂಡುಕೊಂಡ ಪರಿಹಾರ ಫೋರ್ಡ್ ಅವರದಕ್ಕಿಂತ ಪೂರ್ತಿ ಬೇರೆ. ಏಳು ಲೀಟರಿನ ಆರು ಸಿಲಿಂಡರ್, ದಪ್ಪನೆಯ ಕ್ರ್ಯಾಂಕ್‌ಶಾಫ್ಟು, ಅದಕ್ಕೆ ಏಳು ಬೇರಿಂಗುಗಳ ಆಸರೆ. ಕೊನೆಯ ಗೇರಿನಲ್ಲೇ ನಡಿಗೆಯ ವೇಗಕ್ಕೆ ಇಳಿಸಿ, ಅಲ್ಲಿಂದಲೇ ಒಂದಿಷ್ಟೂ ನಡುಗದೆ ಮೇಲೆತ್ತಬಹುದು. ಗೇರು ಬದಲಾಯಿಸುವ ಗೊಡವೆಯೇ ಬೇಡ. 1911ರಲ್ಲಿ ಕಂಪನಿಯ ಅರ್ನೆಸ್ಟ್ ಹೈವ್ಸ್ ಈ ಮಾದರಿಯ ಒಂದು ಕಾರನ್ನು ಲಂಡನ್ನಿನಿಂದ ಎಡಿನ್‌ಬರೊಗೆ, ಅಲ್ಲಿಂದ ಮರಳಿ ಲಂಡನ್ನಿಗೆ ಕೊನೆಯ ಗೇರೊಂದರಲ್ಲೇ ಓಡಿಸಿ ತಂದರು.

ಇದೇ ಮಾದರಿಯ ‘ಪರ್ಲ್ ಆಫ್ ದಿ ಈಸ್ಟ್’ ಎಂಬ ಕಾರು 1908ರಲ್ಲಿ ಮುಂಬೈನಿಂದ ನಮ್ಮ ಗಡಿಯಂಚಿನ ಕೊಲ್ಹಾಪುರದವರೆಗಿನ ಪರೀಕ್ಷೆಯಲ್ಲಿ ಘಟ್ಟಗಳನ್ನು ಹತ್ತಿ ಗೆದ್ದು, ಗ್ವಾಲಿಯರ್ ಮಹಾರಾಜರ ಮನೆ ಸೇರಿತು. ಮೊದಲ ಯುದ್ಧದಲ್ಲಿ ಈ ಚಾಸಿಗಳ ಮೇಲೆಯೇ ಉಕ್ಕಿನ ಕವಚ ಕೂರಿಸಿ ಮರುಭೂಮಿಗೆ ಕಳಿಸಿದರು. 1926ರವರೆಗೆ ಇಂಗ್ಲೆಂಡಿನಲ್ಲಿ 6,173, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಸುಮಾರು 1,700 ತಯಾರಾದವು.

ಇವುಗಳ ರೇಡಿಯೇಟರ್ ಮೇಲೆ ರೆಕ್ಕೆಯಂತೆ ಸೆರಗು ಹರಡಿ ಮುಂದಕ್ಕೆ ಬಾಗಿ ನಿಂತ ಹೆಣ್ಣಿನ ಮೂರ್ತಿಯನ್ನು ಎಲ್ಲರೂ ಗುರುತಿಸುತ್ತಾರೆ. 1911ರಲ್ಲಿ ಚಾರ್ಲ್ಸ್ ಸೈಕ್ಸ್ ಕಡೆದದ್ದು. ಅದಕ್ಕೆ ಮಾದರಿ ಎಲಿನಾರ್ ಥಾರ್ನ್‌ಟನ್ ಎಂದು ಹೇಳುತ್ತಾರೆ. ಮೋಟಾರು ಪತ್ರಿಕೆ ನಡೆಸುತ್ತಿದ್ದ ಲಾರ್ಡ್ ಮಾಂಟೆಗ್ಯು ಅವರ ಕಾರ್ಯದರ್ಶಿ. 1915ರ ಡಿಸೆಂಬರ್ 30ರಂದು ಅವರಿಬ್ಬರೂ ಭಾರತಕ್ಕೆ ಬರುತ್ತಿದ್ದ ‘ಪರ್ಷಿಯಾ’ ಹಡಗು ಕ್ರೀಟ್ ದ್ವೀಪದ ಬಳಿ ಟಾರ್ಪಿಡೊ ಬಡಿದು ಮುಳುಗಿತು. ಮಾಂಟೆಗ್ಯು ಬದುಕಿದರು. ಎಲಿನಾರ್ ಉಳಿಯಲಿಲ್ಲ. ಬೆಳ್ಳಿಯ ಆ ಪುಟ್ಟ ಮೂರ್ತಿಯನ್ನು ಎಲ್ಲಿ ಕಂಡರೂ ನನಗೆ ನಮ್ಮ ದಡ ಮುಟ್ಟದೆ ಹೋದ ಆಕೆಯ ನೆನಪಾಗುತ್ತದೆ.

ತೆರಿಗೆಯ ಅಳತೆಗೆ ಹೊಲಿದ ಕಾರು

ನನ್ನ ಆಯ್ಕೆ ಯಾವುದೆಂದು ಕೇಳಿದರೆ ಆಸ್ಟಿನ್ 7 ಎನ್ನುತ್ತೇನೆ. ಎಳೆಯ ಕರುವಿನಂತೆ ಕಾಣುವ ಈ ಕಾರಿನ ಹಿಂದೆ ಒಂದು ತೆರಿಗೆಯ ಕಥೆಯಿದೆ.

1921ರಿಂದ ಬ್ರಿಟನ್ನಿನಲ್ಲಿ ಕಾರಿಗೆ ಅಶ್ವಶಕ್ತಿಯ ಲೆಕ್ಕದಲ್ಲಿ ತೆರಿಗೆ ಬಂತು, ಒಂದಕ್ಕೆ ಒಂದು ಪೌಂಡ್. ಆದರೆ ಅಶ್ವಶಕ್ತಿಯನ್ನು ಅಳೆಯುತ್ತಿದ್ದದ್ದು ಎಂಜಿನ್ ಓಡಿಸಿ ಅಲ್ಲ, ಸಿಲಿಂಡರುಗಳ ಸಂಖ್ಯೆ ಮತ್ತು ಅಗಲದ ಲೆಕ್ಕದಿಂದ. ಪಿಸ್ಟನ್ ಎಷ್ಟು ದೂರ ಹೋಗಿಬರುತ್ತದೆ ಎಂಬುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಬ್ರಿಟಿಷ್ ಎಂಜಿನ್ನುಗಳು ಸಪೂರವಾಗಿ, ಉದ್ದವಾಗಿ ಬೆಳೆದವು. ಅಗಲ ಸಿಲಿಂಡರಿನ ಫೋರ್ಡಿಗೆ ವರ್ಷಕ್ಕೆ 23 ಪೌಂಡ್ ತೆರಿಗೆ ಬಿತ್ತು. ಹರ್ಬರ್ಟ್ ಆಸ್ಟಿನ್ ಯೋಚಿಸಿದ ಪುಟ್ಟ ಕಾರಿಗೆ 8 ಪೌಂಡ್.

ಕಂಪನಿಯ ನಿರ್ದೇಶಕರಿಗೆ ಈ ಯೋಚನೆ ಹಿಡಿಸಲಿಲ್ಲ. ಆಸ್ಟಿನ್ ಹದಿನೆಂಟು ವರ್ಷದ ಸ್ಟ್ಯಾನ್ಲಿ ಎಡ್ಜ್ ಎಂಬ ನಕ್ಷೆಗಾರ ಹುಡುಗನನ್ನು ತಮ್ಮ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಕೋಣೆಯಲ್ಲಿ ಕೂತು ಕಾರನ್ನು ಬಿಡಿಸಿದರು. ತಮ್ಮದೇ ಹಣ ಹಾಕಿದರು. ಪ್ರತಿಯಾಗಿ ಮಾರಾಟವಾದ ಪ್ರತಿ ಕಾರಿಗೆ ಎರಡು ಗಿನಿ ಪಡೆದರು. 1922ರಲ್ಲಿ ಬಂದ ಆ ಕಾರಿನ ತೂಕ ಸುಮಾರು 360 ಕಿಲೊ, ಬೆಲೆ 165 ಪೌಂಡ್. ಸೈಡ್‌ಕಾರ್ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಮಳೆಗೆ ನೆನೆಯುತ್ತಿದ್ದ ಸಣ್ಣ ಸಂಬಳದ ಕುಟುಂಬಕ್ಕೆ ಮೊದಲ ಸಲ ನಾಲ್ಕು ಚಕ್ರ, ಮೇಲೊಂದು ಹುಡ್ ಸಿಕ್ಕಿತು. ಶೀಘ್ರವೇ 747 ಸಿ.ಸಿ.ಗೆ ಬೆಳೆದ ಎಂಜಿನ್ನು ಕೊನೆಯವರೆಗೂ ಅಷ್ಟೇ ಉಳಿಯಿತು. 1939ರವರೆಗೆ ಸುಮಾರು 2,90,000 ಕಾರುಗಳಾದವು.

ಓಡಿಸುವುದು ಸುಲಭವೇನಲ್ಲ. ಕ್ಲಚ್ ಪೆಡಲ್ ಅಲುಗುವುದು ಬೆರಳಗಲಕ್ಕಿಂತ ಕಡಿಮೆ. ಒಂದೋ ಕಾರು ನೆಗೆಯುತ್ತದೆ, ಇಲ್ಲವೋ ನಿಲ್ಲುತ್ತದೆ. ಮೊದಮೊದಲ ಕಾರುಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಕ್ಕೆ, ಕೈಯ ಬ್ರೇಕು ಮುಂದಿನ ಚಕ್ರಕ್ಕೆ. ಜೋರಾಗಿ ನಿಲ್ಲಿಸಬೇಕೆಂದರೆ ಎರಡೂ ಬೇಕು. ಆದರೂ ಈ ಸಣ್ಣ ಯಂತ್ರದಿಂದ ಎಷ್ಟೊಂದು ಸಂತಾನ! ಜರ್ಮನಿಯ ಐಸೆನಾಖ್‌ನಲ್ಲಿ ಪರವಾನಗಿ ಪಡೆದು ‘ಡಿಕ್ಸಿ’ ಎಂಬ ಹೆಸರಲ್ಲಿ ಇದನ್ನು ಮಾಡುತ್ತಿದ್ದ ಕಾರ್ಖಾನೆಯನ್ನು 1928ರಲ್ಲಿ ಬಿಎಂಡಬ್ಲ್ಯು ಕೊಂಡಿತು. ಆ ಕಂಪನಿಯ ಮೊದಲ ಕಾರು ಇದೇ. ಜಾಗ್ವಾರ್ ಕಟ್ಟಿದ ವಿಲಿಯಂ ಲಯನ್ಸ್ ಕಾರಿನ ಕಸುಬು ಶುರು ಮಾಡಿದ್ದು ಆಸ್ಟಿನ್ 7ಕ್ಕೆ ಅಂದದ ಬಾಡಿ ಕಟ್ಟುತ್ತ. ಕಾಲಿನ್ ಚಾಪ್‌ಮನ್ ತಮ್ಮ ಮೊದಲ ಲೋಟಸ್ಸನ್ನು ಕಟ್ಟಿದ್ದು ಹಳೆಯ ಆಸ್ಟಿನ್ 7ರ ಮೇಲೆ. ನ್ಯೂಜಿಲೆಂಡಿನ ಹುಡುಗ ಬ್ರೂಸ್ ಮ್ಯಾಕ್‌ಲಾರೆನ್ ರೇಸ್ ಕಲಿತದ್ದೂ ಇದರಲ್ಲೇ. ಬಿಚ್ಚಲು ಸುಲಭ, ಬದಲಾಯಿಸಲು ಸುಲಭ, ಬೆಲೆ ಕಡಿಮೆ. ಒಂದು ಪೀಳಿಗೆಯ ಇಂಜಿನಿಯರುಗಳಿಗೆ ಇದೇ ಪಾಠಶಾಲೆ.

ಮೋಲ್ಸೈಮ್‌ನ ಕುದುರೆಲಾಳ

ಬುಗಾಟಿಯ ಅಭಿಮಾನಿಗಳದು ಭಕ್ತಿಗೆ ಹತ್ತಿರದ ಭಾವ. ಎತ್ತೋರೆ ಬುಗಾಟಿ ಹುಟ್ಟಿದ್ದು 1881ರಲ್ಲಿ ಮಿಲಾನಿನ ಕಲಾವಿದರ ಮನೆಯಲ್ಲಿ. ತಂದೆ ಪೀಠೋಪಕರಣಗಳ ವಿನ್ಯಾಸಕ, ತಮ್ಮ ಪ್ರಾಣಿಗಳ ಶಿಲ್ಪಿ. ಇವರು ಆಲ್ಸೇಸಿನ ಮೋಲ್ಸೈಮ್‌ನಲ್ಲಿ ಕಾರ್ಖಾನೆ ಹೂಡಿದರು. ಎಂಜಿನ್ನಿನ ಹೊರಮೈ ಕೂಡ ಚೌಕಾಕಾರವಾಗಿ, ನುಣುಪಾಗಿ, ಶಿಲ್ಪದ ಪೀಠದಂತಿರಬೇಕು ಎನ್ನುವವರು.

1924ರಲ್ಲಿ ಲಿಯಾನ್ ಗ್ರ್ಯಾನ್ ಪ್ರಿಗೆ ಬಂದ ಟೈಪ್ 35ರಲ್ಲಿ ಚೆಲುವು, ಉಪಯೋಗ ಬೇರೆಬೇರೆಯಲ್ಲ. ಕುದುರೆಲಾಳದ ಆಕಾರದ ರೇಡಿಯೇಟರ್. ಅಲ್ಯುಮಿನಿಯಂ ಎರಕದ, ಎಂಟು ಚಪ್ಪಟೆ ಅರಗಳ ಚಕ್ರ. ಬ್ರೇಕಿನ ಡ್ರಮ್ಮು ಚಕ್ರಕ್ಕೇ ಸೇರಿಕೊಂಡಿರುವುದರಿಂದ ಚಕ್ರ ಕಳಚಿದರೆ ಬ್ರೇಕು ಕಣ್ಣೆದುರಿಗೆ. ರೇಸಿನ ನಡುವೆ ಟೈರು ಬದಲಿಸುವಾಗಲೇ ಬ್ರೇಕನ್ನೂ ನೋಡಿಬಿಡಬಹುದು. ಮೊದಲ ಸ್ಪರ್ಧೆಯಲ್ಲಿ ಟೈರುಗಳು ಕೈಕೊಟ್ಟವು. ಆಮೇಲೆ ಸಿಸಿಲಿಯ ಗುಡ್ಡದ ದಾರಿಗಳ ತಾರ್ಗಾ ಫ್ಲೋರಿಯೊ ಪಂದ್ಯವನ್ನು 1925ರಿಂದ 1929ರವರೆಗೆ ಐದೂ ವರ್ಷ ಗೆದ್ದದ್ದು ಬುಗಾಟಿಯೇ. ರಾಜರಿಗೆಂದು ಮಾಡಿದ 12.7 ಲೀಟರಿನ ‘ರೊಯಾಲ್’ ಮಾತ್ರ ಆರ್ಥಿಕ ಕುಸಿತದ ಕಾಲಕ್ಕೆ ಸಿಕ್ಕಿ ಆರರಲ್ಲೇ ನಿಂತಿತು. ಅದರ ಎಂಜಿನ್ನುಗಳು ರೈಲುಗಾಡಿಗಳಲ್ಲಿ ಕೆಲಸಕ್ಕೆ ಬಂದವು.

ಮೋಹ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಮೋಲ್ಸೈಮ್‌ನಿಂದ ದೂರವೇನಲ್ಲದ ಮುಲೂಸ್‌ನ ಕಥೆ ಸಾಕು. ಅಲ್ಲಿನ ಉಣ್ಣೆ ಗಿರಣಿಗಳ ಒಡೆಯರಾದ ಶ್ಲುಂಪ್ಫ್ ಸಹೋದರರು ಒಂದು ಗಿರಣಿಯೊಳಗೆ ಗುಟ್ಟಾಗಿ ಹಳೆಯ ಕಾರುಗಳನ್ನು ತುಂಬುತ್ತ ಹೋದರು. ಗಿರಣಿಗಳು ಮುಳುಗಿ, ಅವರು ಸ್ವಿಟ್ಜರ್ಲೆಂಡಿಗೆ ಹೊರಟುಹೋದ ಮೇಲೆ, ಕೆಲಸ ಕಳೆದುಕೊಂಡ ಕಾರ್ಮಿಕರು 1977ರಲ್ಲಿ ಬಾಗಿಲು ತೆರೆದು ಒಳಹೊಕ್ಕರು. ನೂರಾರು ಕಾರುಗಳು, ಅವುಗಳಲ್ಲಿ ನೂರಕ್ಕೂ ಹೆಚ್ಚು ಬುಗಾಟಿ. ತಮ್ಮ ದುಡಿಮೆ ಎಲ್ಲಿಗೆ ಹೋಯಿತೆಂದು ಅವರಿಗೆ ಆಗ ಕಣ್ಣಾರೆ ಕಂಡಿತು. ಅವರು ಆ ಸಂಗ್ರಹವನ್ನು ನಾಶ ಮಾಡಲಿಲ್ಲ. ತಾವೇ ಕಾವಲು ಕೂತು ಊರಿನವರಿಗೆ ತೋರಿಸಿದರು. ಇಂದು ಅದು ಫ್ರಾನ್ಸಿನ ರಾಷ್ಟ್ರೀಯ ಸಂಗ್ರಹ.

ಕಾರು ಒಂದೇ ತುಂಡಾದಾಗ

ಈ ಲೋಕ ಮುಗಿದದ್ದು ಯುದ್ಧದಿಂದ ಮಾತ್ರವಲ್ಲ. ಅಂತ್ಯ ಒಳಗಿನಿಂದಲೇ ಶುರುವಾಗಿತ್ತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್‌ಗೆ ಬಂದಾಗ ಹ್ಯಾಂಡಲಿಗೆ ರಜೆ ಸಿಕ್ಕಿತು. 1928ರಲ್ಲಿ ಅದೇ ಕ್ಯಾಡಿಲಾಕ್ ತಂದ ಸಿಂಕ್ರೊಮೆಶ್ ಗೇರು ಡಬಲ್ ಕ್ಲಚ್ಚಿನ ವಿದ್ಯೆಯನ್ನು ಬೇಡವಾಗಿಸಿತು. 1934ರ ಸಿಟ್ರೊಯೆನ್ ಟ್ರಾಕ್ಸಿಯೊನ್ ಅವಾಂನಲ್ಲಂತೂ ಪ್ರತ್ಯೇಕ ಚಾಸಿಯೇ ಇರಲಿಲ್ಲ. ಒತ್ತಿ ಬಾಗಿಸಿದ ಉಕ್ಕಿನ ಬಾಡಿಯೇ ಎಲ್ಲ ಭಾರ ಹೊತ್ತಿತು. ಕಾರು ಹಗುರವಾಯಿತು, ಗಟ್ಟಿಯಾಯಿತು, ಅಗ್ಗವಾಯಿತು. ಬಾಡಿ ಕಟ್ಟುವವನಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಜನಸಾಮಾನ್ಯರ ಮಟ್ಟಿಗೆ ಇದೆಲ್ಲ ಒಳ್ಳೆಯದೇ ಆಯಿತು. ಆಗಿನ ಕಾರುಗಳು ಅಪಾಯಕಾರಿ. ಸೀಟ್ ಬೆಲ್ಟಿಲ್ಲ, ಸಾಮಾನ್ಯ ಗಾಜು ಒಡೆದರೆ ಚೂರಿ. ಆ ದಿನಗಳು ಮರಳಲಿ ಎಂದು ಯಾವ ಹವ್ಯಾಸಿಯೂ ಹೇಳುವುದಿಲ್ಲ.

ಅರಗು, ಪೆಟ್ರೋಲು ಮತ್ತು ಕಾಯಿಸಿದ ಲೋಹ

ನಮ್ಮಲ್ಲಿ ಅರಮನೆಗಳ ಕಾರುಗಳು ಸ್ವಾತಂತ್ರ್ಯಾನಂತರ ಗುಜರಿಗೋ ಹೊರದೇಶಕ್ಕೋ ಹೋದವು. 1971ರಲ್ಲಿ ರಾಜಧನ ನಿಂತ ಮೇಲೆ ಉಳಿದವನ್ನು ಸಾಕುವುದೂ ಕಷ್ಟವಾಯಿತು. ಅಳಿದುಳಿದದ್ದನ್ನು ಹುಡುಕಿ ತಂದು ಜೀವ ತುಂಬಿದವರು ಕೆಲವೇ ಜನ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಸಂಗ್ರಹ, ಅದರ ಮುಂದುವರಿಕೆಯಾಗಿ ಶ್ರೀರಂಗಪಟ್ಟಣದ ಬಳಿ ತೆರೆದಿರುವ ‘ಪಯಣ’ ಮ್ಯೂಸಿಯಂ ನಮ್ಮ ಮಕ್ಕಳು ಇವನ್ನು ಹತ್ತಿರದಿಂದ ನೋಡಬಹುದಾದ ಜಾಗಗಳು.

ಆದರೆ ನಿಲ್ಲಿಸಿಟ್ಟ ಕಾರು ಬೇಗ ಸಾಯುತ್ತದೆ. ಎಣ್ಣೆ ಇಳಿದುಹೋಗುತ್ತದೆ, ತುಕ್ಕು ಹತ್ತುತ್ತದೆ, ಚರ್ಮ ಸೆಟೆಯುತ್ತದೆ. ಓಡಿಸಿದರೆ ಸವೆಯುತ್ತದೆ. ಹೊಸ ಬಣ್ಣ, ಹೊಸ ಚರ್ಮ, ಹೊಸ ಕ್ರೋಮ್ ಹಾಕಿ ಮದುಮಗಳಂತೆ ಸಿಂಗರಿಸುವವರೊಂದು ಕಡೆ. ಮಾಸಿದ ಬಣ್ಣವೇ ಅದರ ಇತಿಹಾಸ, ಮುಟ್ಟಬೇಡಿ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪಕ್ಷ. ಬಣ್ಣ ಮಾಸಿರಲಿ, ಚಕ್ರ ತಿರುಗುತ್ತಿರಲಿ.

ತಿರುಗಿಸುವುದಕ್ಕೆ ಹೊಸ ತೊಡಕುಗಳೂ ಬರುತ್ತಿವೆ. ಮಾಡೆಲ್ ಟಿಯ ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಮೇಲೆ ತೇಲುವ ಒಂದು ಬೆಂಡಿನ ತುಂಡಿದೆ. ಅದು ನೆನೆಯದಿರಲೆಂದು ಅರಗು ಬಳಿದಿರುತ್ತಾರೆ, ಬಡಗಿಗಳು ಪಾಲಿಶಿಗೆ ಬಳಸುವ ಅದೇ ಅರಗು. ಅರಗನ್ನು ಕರಗಿಸಲು ಬಡಗಿ ಬಳಸುವುದು ಸ್ಪಿರಿಟ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್, ಅಂದರೆ ಅದೂ ಸ್ಪಿರಿಟ್ಟೇ. ಅರಗು ಕರಗಿ, ಬೆಂಡು ನೆನೆದು ಮುಳುಗಿ, ಕಾರ್ಬೊರೇಟರ್ ಉಕ್ಕಿ ಹರಿಯುತ್ತದೆ. ಬಲ್ಲವರು ಬೆಂಡಿನ ಜಾಗಕ್ಕೆ ಹಿತ್ತಾಳೆಯ ತೇಲುಗುಂಡು ಹಾಕುತ್ತಾರೆ.

ಇನ್ನೂ ದೊಡ್ಡ ತೊಡಕು ಕೈಗಳದ್ದು. ಈ ಎಂಜಿನ್ನುಗಳ ಬೇರಿಂಗು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ತವರ, ಆ್ಯಂಟಿಮನಿ, ತಾಮ್ರ ಕೂಡಿಸಿದ ‘ವೈಟ್ ಮೆಟಲ್’ ಅನ್ನು ಕಾಯಿಸಿ ಕನೆಕ್ಟಿಂಗ್ ರಾಡಿನ ಬಾಯಿಗೇ ಸುರಿಯಬೇಕು. ಆರಿದ ಮೇಲೆ ಲೇತಿನಲ್ಲಿ ಹದಕ್ಕೆ ತರಬೇಕು. ಆಮೇಲೆ ಕ್ರ್ಯಾಂಕ್‌ಶಾಫ್ಟಿಗೆ ತೆಳುವಾಗಿ ನೀಲಿ ಹಚ್ಚಿ, ರಾಡನ್ನು ಕೂರಿಸಿ, ತಿರುಗಿಸಿ, ಬಿಚ್ಚಿ ನೋಡಬೇಕು. ನೀಲಿ ಹತ್ತಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಮಾತ್ರ ಸ್ಕ್ರೇಪರಿನಿಂದ ಕೂದಲೆಳೆಯಷ್ಟು ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಬಿಗಿ, ಮತ್ತೆ ಬಿಚ್ಚು. ಒಂದು ರಾಡಿಗೆ ಅರ್ಧ ದಿನ. ಇದನ್ನು ಬಲ್ಲ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ; ಕಲಿಯಲು ಬರುವ ಹುಡುಗರು ಎರಡು ವಾರಕ್ಕೇ ಹೊಸ ಕಾರುಗಳ ಷೋರೂಮಿಗೆ ಹೊರಟುಬಿಡುತ್ತಾರೆ.

ಕೆಲಸ ಸರಿಯಾಯಿತೇ ಎಂದು ನೋಡಲು ಮೇಸ್ತ್ರಿ ಬಳಸುವ ಉಪಾಯ ಸರಳ. ಎಣ್ಣೆ ಹಚ್ಚಿ, ಬೋಲ್ಟು ಬಿಗಿದು, ರಾಡನ್ನು ಮೇಲಕ್ಕೆತ್ತಿ ಕೈ ಬಿಡುತ್ತಾನೆ. ಧಪ್ಪೆಂದು ಬಿದ್ದರೆ ಸಡಿಲ. ಅಲ್ಲೇ ನಿಂತರೆ ಬಿಗಿ. ತನ್ನದೇ ಭಾರಕ್ಕೆ ಮೆಲ್ಲಗೆ, ನಿದ್ದೆ ಬಂದವರ ತಲೆ ವಾಲುವಂತೆ ಇಳಿಯಬೇಕು. ಹಾಗೆ ಇಳಿದಾಗ ಅವನು ಏನೂ ಮಾತಾಡುವುದಿಲ್ಲ. ಕೈ ಒರೆಸಿಕೊಂಡು ಸ್ಪ್ಲಿಟ್ ಪಿನ್ ಹಾಕಿ ಅದರ ಕಾಲುಗಳನ್ನು ಮಡಚುತ್ತಾನೆ.